ಸುಶೀಲಮ್ಮನ ಮಳೆಗೆ ಒಂಬತ್ತನೇ ದಿನ

ಆ ಒಂದು ಚಿತ್ರಕ್ಕೆ ನಾನು ತೆತ್ತ ಬೆಲೆ ಇಷ್ಟು: ಪಾಳ್ಯದ ಒಂದು ಮದುವೆ, ಆ ಮದುವೆಯ ಬೆನ್ನಿಗೆ ಬರಬೇಕಾಗಿದ್ದ ಸೀಮಂತ, ನಾಮಕರಣ, ಗೃಹಪ್ರವೇಶಗಳು, ಒಂದು ಒಳ್ಳೆಯ ಪ್ಯಾಂಟಿನ ಎರಡೂ ಮಂಡಿ, ಜೊತೆಗೆ ಕ್ಯಾಮೆರಾ ಹಿಡಿಯುವುದು ನನಗೆ ಗೊತ್ತು ಎಂದು ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದ ಜಂಬ. ಸೊಪ್ಪು ಕೊಳ್ಳುವಾಗಲೂ ಒಂದು ಕಟ್ಟು ಮೇಲೆ ಹಾಕಿಸಿಕೊಳ್ಳದೆ ಬರುವವನಲ್ಲ ನಾನು. ಆದರೆ ಇದೊಂದಕ್ಕೆ ಕೇಳಿದಷ್ಟೂ ಕೊಟ್ಟೆ. ಯಾಕೆಂದರೆ ಎದುರಿಗೆ ಕೂತಿದ್ದ ವ್ಯಾಪಾರಿ ಕಾಫಿ ಹೂವು. ಅದು ವರ್ಷಕ್ಕೊಮ್ಮೆ ಅಂಗಡಿ ತೆರೆಯುತ್ತದೆ, ಮೂರು ದಿನಕ್ಕೆ ಬಾಗಿಲು ಹಾಕುತ್ತದೆ, ಚೌಕಾಸಿಗೆ ನಿಲ್ಲುವುದಿಲ್ಲ.

ಹೋದ ವಾರ ಹೊಂಗಡಹಳ್ಳದ ರಸ್ತೆಯಲ್ಲಿ ಹೋಗುತ್ತಿದ್ದೆ. ಬೆಳಿಗ್ಗೆ ಆರರ ಹೊತ್ತು. ಒಂದು ತಿರುವು ದಾಟಿದ ಕೂಡಲೇ ಕಿಟಕಿಯಿಂದ ವಾಸನೆ ಒಳಗೆ ಬಂತು. ಮಲ್ಲಿಗೆಯ ಹಾಗೇ, ಆದರೆ ಮಲ್ಲಿಗೆಯಲ್ಲ. ಒದ್ದೆ ಮಣ್ಣು, ಹಸಿ ಎಲೆ ಎರಡರ ಜೊತೆ ಸೇರಿಸಿ ಯಾರೋ ಮುಖದ ಮುಂದೆ ಪೊಟ್ಟಣ ಬಿಚ್ಚಿದ ಹಾಗೆ. ಜೀಪು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದೆ. ಡೀಸೆಲ್ ಹೊಗೆ ಕರಗಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೂರು ವರ್ಷದ ಹಿಂದಿನ ಆ ಬೇಸಿಗೆ ಪೂರ್ತಿಯಾಗಿ ಬಂದು ಪಕ್ಕದ ಸೀಟಿನಲ್ಲಿ ಕುಳಿತುಕೊಂಡಿತು.

ನನ್ನ ವಿಷಯ ಹೆಚ್ಚಿಲ್ಲ. ಹೆಸರು ರಫೀಕ್. ಸಕಲೇಶಪುರದಲ್ಲಿ ಸ್ಟುಡಿಯೋ. ನಮ್ಮಪ್ಪ ಕಾಫಿ ಲಾರಿ ಓಡಿಸುತ್ತಿದ್ದರು. ನಾನು ಪಾಸ್‌ಪೋರ್ಟ್ ಫೋಟೊದಿಂದ ಶುರು ಮಾಡಿ ಮದುವೆಗಳಿಗೆ ಬಂದೆ. ನಡುವೆ ಹೋಮ್‌ಸ್ಟೇಗಳು ಹೆಚ್ಚಾದವು. ಅವುಗಳ ಖಾಲಿ ಗೋಡೆ ನೋಡಿ ನನಗೆ ವ್ಯಾಪಾರ ಕಂಡಿತು. ಗುಡ್ಡದ ತುದಿಗೆ ಹೋಗುವುದು, ಸೂರ್ಯ ಹುಟ್ಟುವಾಗ ಅಗಲದ ಲೆನ್ಸಿನಲ್ಲಿ ಇಡೀ ಕಣಿವೆಯನ್ನು ಬಾಚಿಕೊಳ್ಳುವುದು, ಕಂಪ್ಯೂಟರಿನಲ್ಲಿ ಹಸಿರನ್ನು ಇನ್ನಷ್ಟು ಹಸಿರು ಮಾಡುವುದು, ಫ್ರೇಮು ಹಾಕಿ ಅಡಿ ಲೆಕ್ಕದಲ್ಲಿ ಮಾರುವುದು. ಚೆನ್ನಾಗಿ ನಡೆಯುತ್ತಿತ್ತು. ಪ್ರಕೃತಿ ಛಾಯಾಗ್ರಾಹಕ ಎಂದು ಬೋರ್ಡಿನಲ್ಲಿ ಒಂದು ಸಾಲು ಸೇರಿಸಿಕೊಂಡಿದ್ದೆ ಕೂಡ.

ಆ ವರ್ಷ ಫೆಬ್ರವರಿಯ ಒಂದು ಮಧ್ಯಾಹ್ನ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಸ್ಟುಡಿಯೋಗೆ ಬಂದರು. ಗಿಡ್ಡ ಆಳು, ಕೈಯಲ್ಲಿ ಛತ್ರಿ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ. ಕುರ್ಚಿ ತೋರಿಸಿದರೂ ಕೂರದೆ ಗೋಡೆಯ ಮೇಲಿನ ನನ್ನ ಗುಡ್ಡಗಳನ್ನೆಲ್ಲ ಒಂದೊಂದಾಗಿ ನೋಡಿದರು.

“ಇವೆಲ್ಲಾ ನಮ್ ಕಡೆವೇನಾ?”

“ಎಲ್ಲಾ ನಮ್ಮ ಗುಡ್ಡಗಳೇ ಅಮ್ಮ.”

“ಇಷ್ಟು ಹಸ್ರು ನಾನೆಲ್ಲೂ ಕಂಡಿಲ್ಲ ಬುಡಿ. ಗಿಳಿಗೆ ಬಣ್ಣ ಬಳ್ದಂಗೈತೆ.”

ಗಿರಾಕಿ ಎಂದು ನಕ್ಕೆ. ಒಳಗೆ ಚುಚ್ಚಿತು.

ಅವರ ಹೆಸರು ಸುಶೀಲಮ್ಮ. ಹೊಂಗಡಹಳ್ಳದ ಹತ್ತಿರ ಎಂಟು ಎಕರೆ ಕಾಫಿ. ಅದರಲ್ಲಿ ಹಳ್ಳದ ಪಕ್ಕದ ಎರಡು ಎಕರೆ ಹಳೆಯ ಅರೇಬಿಕಾ. ಮದುವೆಯಾಗಿ ಬಂದ ವರ್ಷ ಅತ್ತೆಯ ಜೊತೆ ಕೂತು, ಒಂದೊಂದು ಗುಂಡಿಗೂ ಕೈಯಾರೆ ನೆಟ್ಟ ಗಿಡಗಳು. ಈಗ ಅವುಗಳ ಕಾಂಡದೊಳಗೆ ಬೋರರ್ ಹುಳು ಹೊಕ್ಕು ಅರ್ಧಕ್ಕರ್ಧ ಟೊಳ್ಳು. ಏಪ್ರಿಲ್‌ನಲ್ಲಿ ಜೆಸಿಬಿ ತಂದು ಅಷ್ಟನ್ನೂ ಕೀಳಿಸಿ, ಮಳೆಗಾಲಕ್ಕೆ ಹೊಸ ಗಿಡ ಹಾಕುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಅವರದೇ. ಅಳುಕು ಇರಲಿಲ್ಲ. ಒಂದೇ ಆಸೆ: ಕೀಳುವ ಮೊದಲು ಆ ತೋಟ ಕಡೆಯ ಸಲ ಹೂವಾದಾಗ ಒಂದು ದೊಡ್ಡ ಫೋಟೊ.

“ತೆಗೆಯೋಣ ಅಮ್ಮ. ಅದೇನು ಕಷ್ಟ?”

“ಕಷ್ಟ ಐತೆ. ವಾಸ್ನೆ ಬರೋ ಹಂಗೆ ತೆಗೀಬೇಕು.”

ತಮಾಷೆ ಎಂದುಕೊಂಡೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಕೊರೊನಾ ಬಂದು ಹೋದ ಮೇಲೆ ಅವರ ಮೂಗು ಸತ್ತಿತ್ತು. ಎಲ್ಲರಿಗೂ ತಿಂಗಳೆರಡು ತಿಂಗಳಲ್ಲಿ ಮರಳಿ ಬಂತು, ಅವರಿಗೆ ಬರಲೇ ಇಲ್ಲ. “ಹಾಲು ಸೀದೋದ್ರೂ ಗೊತ್ತಾಗಲ್ಲ. ಕಾಫಿ ಬೀಜ ಹುರಿಯೋವಾಗ ಬಣ್ಣ ನೋಡ್ತೀನಿ, ಚಟಚಟ ಅನ್ನೋದು ಕೇಳಿಸ್ಕತೀನಿ, ಹಂಗೆ ಇಳಿಸ್ತೀನಿ. ಎಲ್ಲಾ ಹೆಂಗೋ ಆಯ್ತು. ಹೂವಿನ ಟೈಮಲ್ಲಿ ಮಾತ್ರ ನಮ್ಮನೇಲೇ ನಾನು ನೆಂಟ್ರಂಗೆ ಇರ್ತೀನಿ ಕಣ್ರೀ.”

ಆಮೇಲೆ ಬೆಲೆಯ ಮಾತು. ನಾನು ಅಡಿ ಲೆಕ್ಕ ಹೇಳಿದೆ. ಅವರು ಗೋಡೆಯ ಗಿಳಿಹಸಿರಿನ ಕಡೆ ಒಮ್ಮೆ ನೋಡಿ ಬೆಲೆ ಇಳಿಸಿದರು. ನಾನು ಡೀಸೆಲ್ ಎಂದೆ, ಅವರು ತಿಂಡಿ ಊಟ ನಮ್ಮದೇ ಎಂದರು. ಕಡೆಗೆ ಅವರೇ ಒಂದು ಷರತ್ತು ಹಾಕಿದರು: “ಫೋಟೊ ನೋಡಿ ವಾಸ್ನೆ ಬಂದ್ರೆ ಪೂರಾ ದುಡ್ಡು. ಬರ್ದಿದ್ರೆ ಅರ್ಧ.” ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಇಂಥ ಕರಾರಿಗೆ ನಾನು ಒಪ್ಪಿದ್ದು ಅದೇ ಮೊದಲು. ಯಾಕೆ ಒಪ್ಪಿದೆನೋ? ಆ ಗಿಳಿಯ ಮಾತಿಗೆ ಉತ್ತರ ಕೊಡಬೇಕಾಗಿತ್ತು, ಅಷ್ಟೇ.

ಕಾಫಿಯ ಮೊಗ್ಗು ಬೇಸಿಗೆಯಲ್ಲಿ ಕಣ್ಣು ಮುಚ್ಚಿ ಕಾಯುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ, ಅಲ್ಲಿಂದ ಒಂಬತ್ತನೇ ದಿನದ ಹೊತ್ತಿಗೆ ಇಡೀ ತೋಟ ಒಟ್ಟಿಗೆ ಬೆಳ್ಳಗಾಗುತ್ತದೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮಾರ್ಚ್ ಮೊದಲ ವಾರದ ಒಂದು ಸಂಜೆ ಸಕಲೇಶಪುರದಲ್ಲಿ ಭರ್ಜರಿ ಮಳೆ. ಆನೇಮಹಲ್ ಹತ್ತಿರ ಹೆದ್ದಾರಿಯ ಮೇಲೆ ನೀರು ಹರಿದು ಲಾರಿಗಳು ಸಾಲುಗಟ್ಟಿ ನಿಂತಿದ್ದವು. ನಾನು ಖುಷಿಯಿಂದ ಕ್ಯಾಲೆಂಡರಿನಲ್ಲಿ ಒಂಬತ್ತು ಮನೆ ಎಣಿಸಿ ಸುತ್ತು ಹಾಕಿದೆ. ಆ ದಿನದ ಕೆಲಸಗಳನ್ನೆಲ್ಲ ಮುಂದಕ್ಕೆ ಹಾಕಿದೆ. ಲೆನ್ಸುಗಳನ್ನು ಒರೆಸಿದೆ, ಬ್ಯಾಟರಿ ತುಂಬಿಸಿದೆ, ಒಂಬತ್ತನೇ ದಿನ ಕತ್ತಲಿರುವಾಗಲೇ ಹೊರಟು ಬೆಳಕಾಗುವಷ್ಟರಲ್ಲಿ ಅವರ ಗೇಟಿನ ಮುಂದೆ ನಿಂತೆ.

ಬಿಳಿ ಇಲ್ಲ. ಹಸಿರು. ಕಣ್ಣಿಗೆ ಹತ್ತಿರ ಹಿಡಿದರೆ ಮಾತ್ರ ಎಲೆಯ ಬುಡದಲ್ಲಿ ಅಕ್ಕಿ ಕಾಳಿನಷ್ಟು ಮೊಗ್ಗು.

ಸುಶೀಲಮ್ಮನ ಯಜಮಾನರು ಕೃಷ್ಣೇಗೌಡರು ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದರು. ನನ್ನ ಬೆನ್ನ ಮೇಲಿನ ಚೀಲ, ಕೈಯಲ್ಲಿನ ಟ್ರೈಪಾಡ್ ನೋಡಿ ಬಾಯಿ ಮುಕ್ಕಳಿಸಿ ಉಗಿದು ಹೇಳಿದರು: “ಏನ್ ಸಾಬ್ರೆ, ಮುಹೂರ್ತಕ್ಕೆ ಮುಂಚಿನ ವಾರನೇ ಗಂಡಿನ್ ಕಡೆಯವ್ರು ಬಂದು ಕುಂತಂಗಾಯ್ತಲ್ಲ!”

“ಮಳೆ ಬಿದ್ದು ಒಂಬತ್ತು ದಿನ ಆಯ್ತಲ್ಲ ಗೌಡ್ರೆ?”

“ಎಲ್ಲಿ ಬಿತ್ತು?”

“ಸಕಲೇಶಪುರದಲ್ಲಿ.”

ಗೌಡರು ಒಳಕ್ಕೆ ತಿರುಗಿ ಕೂಗಿದರು. “ಲೇ, ಬಾರೇ ಇಲ್ಲಿ. ಪೇಟೇಲಿ ಮಳೆ ಬಿದ್ರೆ ನಮ್ ತೋಟ ಹೂವಾಗ್ತೈತಂತೆ!”

ಸುಶೀಲಮ್ಮ ನಗಲಿಲ್ಲ. ಮನೆಯ ಮುಂದಿನ ಬಯಲಿನಲ್ಲಿ ಕಂಬದ ಮೇಲೆ ಕೂರಿಸಿದ್ದ ತಗಡಿನ ಡಬ್ಬಿಯ ಹತ್ತಿರ ಕರೆದುಕೊಂಡು ಹೋದರು. ಮಳೆ ಅಳೆಯುವ ಡಬ್ಬಿ. ನಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟು ಒಂದು ಇಂಚು. ದಿನಾ ಬೆಳಿಗ್ಗೆ ಡಬ್ಬಿಯ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಅಳೆದು ಬರೆದಿಡುತ್ತಾರೆ. ಸುಶೀಲಮ್ಮ ಬಂದ ವರ್ಷದಿಂದ ಈ ಮನೆಯಲ್ಲಿ ಅದು ಅವರ ಕೆಲಸ. ನೋಟ್‌ಬುಕ್ಕು ತೆರೆದು ಬೆರಳಿಟ್ಟು ತೋರಿಸಿದರು.

“ನೋಡಿ, ನಿಮ್ ಪೇಟೇಲಿ ರಸ್ತೆ ಮುಳುಗಿದ ದಿನ ಇಲ್ಲಿ ಎಂಟು ಸೆಂಟು. ಅದು ಮಳೆನಾ? ಎಲೆ ಮುಖ ತೊಳ್ಕಂಡ್ವು ಅಷ್ಟೇ. ಅದಾಗಿ ಐದು ದಿನಕ್ಕೆ ಬಂತು ನೋಡಿ ಸರ್ಯಾದ್ದು, ಒಂದು ಇಂಚು ಇಪ್ಪತ್ತು ಸೆಂಟು. ಅದಾಗಿ ಇವತ್ತಿಗೆ ನಾಕು ದಿನ. ಇನ್ನೈದು ದಿನ ಐತೆ.”

“ಮೊದಲೇ ಹೇಳಬಾರದಿತ್ತಾ ಅಮ್ಮ?”

“ನೀವು ಕೇಳ್ಬಾರ್ದಿತ್ತಾ? ಫೋನ್ ಐತಲ್ಲ ಜೇಬಲ್ಲಿ.”

ಈ ಸೀಮೆಯಲ್ಲೇ ಹುಟ್ಟಿ ಬೆಳೆದವನು ನಾನು. ಒಂದು ಗುಡ್ಡದ ಈಚೆ ಮಳೆ ಹೊಯ್ದರೆ ಆಚೆ ಧೂಳು ಏಳುವುದನ್ನು ಸಾವಿರ ಸಲ ನೋಡಿದ್ದೇನೆ. ಆದರೂ ನನ್ನ ಅಂಗಡಿಯ ಮುಂದೆ ಬಿದ್ದ ಮಳೆಯನ್ನೇ ಲೋಕದ ಮಳೆ ಎಂದು ಎಣಿಸಿದ್ದೆ.

ವಾಪಸು ಬರುವಾಗ ತಲೆಯಲ್ಲಿ ಇನ್ನೊಂದು ಲೆಕ್ಕ ಓಡುತ್ತಿತ್ತು. ಐದು ದಿನ ಎಂದರೆ ಪಾಳ್ಯದ ಮದುವೆ. ಆಲೂರು ಕಡೆಯ ಗಟ್ಟಿ ಕುಟುಂಬ, ಹುಡುಗಿಗೆ ಇಬ್ಬರು ತಂಗಿಯರು. ನನ್ನಂಥವನಿಗೆ ಅಂಥ ಮನೆ ಸಿಕ್ಕಿತೆಂದರೆ ಹತ್ತು ವರ್ಷದ ಕೆಲಸ ಸಿಕ್ಕಿದ ಹಾಗೆ. ಎರಡು ದಿನ ಯೋಚಿಸಿದೆ. ಮದುವೆಯನ್ನು ಬೇರೆಯವರೂ ತೆಗೆಯಬಲ್ಲರು. ಆ ಎರಡು ಎಕರೆ ಮುಂದಿನ ಮಾರ್ಚಿಗೆ ಇರುವುದಿಲ್ಲ. ಹೀಗೆ ಹೇಳಿಕೊಂಡರೆ ಬಹಳ ಒಳ್ಳೆಯವನ ಹಾಗೆ ಕಾಣುತ್ತೇನೆ. ನಿಜ ಹೇಳುತ್ತೇನೆ, ಅರ್ಧ ಕಾರಣ ಆ ಗಿಳಿ, ಇನ್ನರ್ಧ ಗೌಡರ ಮುಂದೆ ಆದ ಅವಮಾನ.

ಆಲೂರಿನ ಸ್ಟುಡಿಯೋದ ಮಂಜುಗೆ ಫೋನ್ ಮಾಡಿದೆ. ನನ್ನ ಎದುರಾಳಿ, ಆದರೆ ಕೆಲಸಗಾರ.

“ಏನ್ ರಫೀಕಣ್ಣ, ಹೂವಿಗೋಸ್ಕರ ಮದ್ವೆ ಬುಡ್ತೀಯಾ? ಮೈ ಸರಿಗೈತೇನೋ ಮಾರಾಯ?”

“ಸರಿಗೈತೆ. ಮಾಡ್ತೀಯೋ ಇಲ್ವೋ?”

“ಮಾಡ್ದೆ ಬುಡ್ತೀನಾ? ಆಮೇಲೆ ವಾಪಸ್ ಕೊಡು ಅಂದ್ರೆ ಕೊಡಲ್ಲ ಕಣಣ್ಣ, ಈಗ್ಲೇ ಹೇಳ್ಬುಟ್ಟೆ.”

ಹೇಳಿದಂತೆ ನಡೆದುಕೊಂಡ. ಆ ಮನೆಯ ಎಲ್ಲ ಕಾರ್ಯಗಳೂ ಇವತ್ತಿಗೂ ಅವನವೇ. ಹುಡುಗಿಯ ತಂದೆ ಫೋನಿನಲ್ಲಿ “ನಿಮ್ಮ ಮುಖ ನೋಡಿ ಒಪ್ಪಿದ್ದೆವು” ಎಂದಷ್ಟೇ ಹೇಳಿ ಇಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

ಹೂವಿನ ಮೊದಲ ದಿನ. ಗೇಟಿನಲ್ಲೇ ವಾಸನೆ ಎದುರಾಯಿತು. ನನಗೆ ಗೊತ್ತಿದ್ದ ವಿದ್ಯೆ ಒಂದೇ, ಎತ್ತರಕ್ಕೆ ಹೋಗು. ತೋಟದ ಹಿಂದಿನ ಬೋಳು ಗುಡ್ಡ ಹತ್ತಿ ಅಗಲದ ಲೆನ್ಸು ಹಾಕಿದೆ. ಕೆಳಗೆ ನೋಡಿದರೆ ಸಿಲ್ವರ್ ಮರಗಳ ತಲೆ, ಹಾಲುವಾಣದ ತಲೆ. ನೆರಳು ಮರಗಳ ಕೆಳಗೆ ಎರಡು ಎಕರೆ ಬೆಳ್ಳಗೆ ಹೊತ್ತಿಕೊಂಡಿದ್ದರೂ ಮೇಲಿನಿಂದ ಒಂದು ಚುಕ್ಕೆ ಬಿಳಿಯೂ ಕಾಣದು. ಕಾಫಿ ತೋಟ ತನ್ನ ಹೂವನ್ನು ಮೇಲಿನವರಿಗೆ ತೋರಿಸುವುದೇ ಇಲ್ಲ. ಇಳಿದು ಒಳಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಮರಗಳ ಸಂದಿಯಿಂದ ಬಿಸಿಲು ತುಂಡು ತುಂಡಾಗಿ ಬಿದ್ದು, ಬಿದ್ದಲ್ಲೆಲ್ಲ ಬಿಳಿ ಸುಟ್ಟು ಹೋಗುತ್ತಿತ್ತು, ಬೀಳದಲ್ಲಿ ಕಪ್ಪು. ಫ್ಲ್ಯಾಶ್ ಹಾಕಿದೆ. ಕೊಂಬೆ ಬಗ್ಗಿಸಿ, ಹೂಗೊಂಚಲು ಜೋಡಿಸಿ, ಮದುಮಗಳ ತಲೆ ಸರಿಪಡಿಸುವ ಹಾಗೆ ಸರಿಪಡಿಸಿ ತೆಗೆದೆ. ನಾನೂರು ಚಿತ್ರ.

ಮಧ್ಯಾಹ್ನ ಊಟದ ಎಲೆಯ ಮುಂದೆ ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ಗೌಡರು ಇಣುಕಿ, “ಇದೇನ್ ಸಾಬ್ರೆ, ಹತ್ತಿ ಗೋಡೌನ್ ಇದ್ದಂಗೈತೆ?” ಎಂದರು.

ಸುಶೀಲಮ್ಮ ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. “ಚೆನ್ನಾಗವೆ. ಎಲ್ಲಾ ಐತೆ ಇದ್ರಲ್ಲಿ. ನನ್ ತೋಟ ಒಂದಿಲ್ಲ.” ಸಾರು ಬಡಿಸುತ್ತಾ ಹೇಳಿದರು: “ನಾಳೆ ಕ್ಯಾಮ್ರಾ ಬುಟ್ಟು ಬನ್ನಿ.”

“ಅಮ್ಮ! ಇರೋದೇ ಮೂರು ದಿನ. ಒಂದು ಹೋಯ್ತು.”

“ಅದಕ್ಕೇ ಹೇಳಿದ್ದು.”

“ಅರ್ಧ ಗಂಟೆ ಬೇಕಾದ್ರೆ ಬಿಟ್ಟಿರ್ತೀನಿ.”

“ಮಧ್ಯಾಹ್ನದವರ್ಗೂ.”

“ಎಂಟು ಗಂಟೆ.”

“ಹತ್ತು. ಅದ್ರ ಮೇಲೆ ಮಾತಿಲ್ಲ, ಅನ್ನ ತಣ್ಣಗಾಯ್ತೈತೆ, ಉಣ್ಣಿ.”

ಎರಡನೇ ದಿನ ಬರಿಗೈಯಲ್ಲಿ ಅವರ ಹಿಂದೆ ನಡೆದೆ. ಕೈ ಎಲ್ಲಿ ಇಡಬೇಕೆಂದೇ ತಿಳಿಯುತ್ತಿರಲಿಲ್ಲ. ಅವರು ದಿನಾ ನಡೆಯುವ ದಾರಿ. ಸಾಲುಗಳ ನಡುವೆ ಹಳ್ಳದವರೆಗೆ ಇಳಿಯುವ ಕಾಲುಹಾದಿ. ಒಂದು ಹಾಲುವಾಣದ ಮರ ದಾಟಿದ ಮೇಲೆ ಎಡಕ್ಕೆ ಒಂದು ಒಣಗಿದ ಗಿಡ. ಬೋರರ್ ತಿಂದು ಸತ್ತದ್ದು. ಹೂವಿಲ್ಲ, ಎಲೆಯಿಲ್ಲ, ಕಪ್ಪು ಕಡ್ಡಿಗಳು ದಾರಿಗೆ ಚಾಚಿಕೊಂಡಿದ್ದವು. ಅಲ್ಲಿ ಬಂದಾಗ ಸುಶೀಲಮ್ಮ ನೋಡದೆಯೇ ಎಡಗೈಯಿಂದ ಸೆರಗು ಒಟ್ಟುಮಾಡಿ ಸೊಂಟಕ್ಕೆ ಹಿಡಿದುಕೊಂಡು ದಾಟಿದರು. “ಇದು ದಿನಾ ಎಳೀತೈತೆ. ಎಷ್ಟು ಸೀರೆ ಹರಿದೈತೋ” ಎಂದರು, ಮನೆಯ ತುಂಟ ಮೊಮ್ಮಗನ ಬಗ್ಗೆ ಹೇಳುವ ಹಾಗೆ.

ಅದರಿಂದ ಎರಡು ಹೆಜ್ಜೆ ಮುಂದೆ ದಾರಿ ತಿರುಗುತ್ತದೆ. ತಿರುವಿನಲ್ಲಿ ಅವರು ನಿಂತರು. ಕಣ್ಣು ಮುಚ್ಚಿ ಮುಖ ಸ್ವಲ್ಪ ಮೇಲಕ್ಕೆತ್ತಿದರು. ನನಗೋ ಹಳ್ಳದ ಕಡೆಯಿಂದ ಗಾಳಿಯೇರಿ ಬಂದು ವಾಸನೆ ಎದೆಗೆ ಗುದ್ದಿದಂತಾಯಿತು. ಗೇಟಿನಲ್ಲಿ ಸಿಕ್ಕಿದ್ದು ಇದರ ಕಾಲುಭಾಗವೂ ಅಲ್ಲ.

ಅವರು ಕಣ್ಣು ತೆರೆದರು. “ಇಲ್ಲೇ. ಹಳ್ಳದ ಗಾಳಿ ಹತ್ಕಂಡು ಬರ್ತೈತಲ್ಲ, ಇಲ್ಲೇ ಮೊದ್ಲು ಹೊಡ್ಯೋದು. ಬರ್ತೈತಾ?”

“ಬರ್ತಿದೆ ಅಮ್ಮ.”

“ಹೆಂಗೈತೆ?”

ಮಾತಿನಲ್ಲೇ ಬದುಕಿದವನು ನಾನು. ಮದುವೆ ಮನೆಯ ಜಗಳ ಬಿಡಿಸಿದ್ದೇನೆ, ಸಾಲು ಸಾಲು ಹೋಮ್‌ಸ್ಟೇ ಮಾಲೀಕರಿಗೆ ಬೇಡವಾದ ಗುಡ್ಡಗಳನ್ನು ಮಾರಿದ್ದೇನೆ. ಆ ಪ್ರಶ್ನೆಗೆ ಮಾತು ಸಿಗಲಿಲ್ಲ. ಇನ್ನೊಂದು ಸಲ ಉಸಿರೆಳೆದುಕೊಂಡೆ.

“ಹ್ಞೂಂ,” ಎಂದರು ಅವರು. “ಅದ್ನೇ ತೆಗೀರಿ.”

ಹತ್ತು ಗಂಟೆಯ ತನಕ ಕಾಯುವುದು ಅವತ್ತು ಕಷ್ಟವಾಗಲಿಲ್ಲ. ನೋಡುವುದಕ್ಕೆ ಅಷ್ಟಿತ್ತು. ಅಲ್ಲಿಯವರೆಗೆ ಚಂದ ಕಾಣುವ ಜಾಗದಲ್ಲಿ ಕ್ಯಾಮೆರಾ ಇಡುತ್ತಿದ್ದೆ. ಆ ತೋಟದವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಇಡಬೇಕು ಎಂದು ಅವತ್ತು ತಿಳಿಯಿತು. ಹತ್ತಕ್ಕೆ ಜೀಪಿನಿಂದ ಕ್ಯಾಮೆರಾ ತಂದು ತಿರುವಿನಲ್ಲಿ ಟ್ರೈಪಾಡ್ ಹೂಡಿ, ಬಂದ ದಾರಿಯ ಕಡೆಗೇ ತಿರುಗಿಸಿದೆ. ಅಡ್ಡಕ್ಕೆ ಹಿಡಿದರೆ ಸಾಲುಗಳು ಎರಡೂ ಕಡೆಗೆ ಚೆಲ್ಲಿಹೋಗುತ್ತಿದ್ದವು. ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿದೆ. ಬಾಗಿಲು ತೆರೆದ ಹಾಗಾಯಿತು.

“ನಿಮ್ ಎತ್ರದಿಂದ ನೋಡ್ಬೇಡಿ,” ಹಿಂದಿನಿಂದ ಸುಶೀಲಮ್ಮ. ಅವರ ಭುಜದೆತ್ತರಕ್ಕೆ ಇಳಿಸಿದೆ. “ಇನ್ನೂ ಕೆಳಗೆ. ನಾನೇನು ನಿಂತ್ಕಂಡು ಗಿಡ ನೆಟ್ನಾ?” ಮಂಡಿಯೂರಿದೆ. ಅಲ್ಲಿಂದ ನೋಡಿದರೆ ಹೂವಿನ ಕೊಂಬೆಗಳು ತಲೆಯ ಮೇಲೆ ಕೂಡುತ್ತಿದ್ದವು.

ಅಡ್ಡಿ ಒಂದೇ, ಆ ಸತ್ತ ಗಿಡ. ಎಲ್ಲಿ ಸರಿದರೂ ಅದರ ಕಪ್ಪು ಕಡ್ಡಿಗಳು ಎದುರಾಗುತ್ತಿದ್ದವು. “ಇದನ್ನ ಕಿತ್ತುಬಿಡಲಾ ಅಮ್ಮ? ಹೇಗೂ ಮುಂದಿನ ತಿಂಗಳು ಹೋಗೋದೇ.”

ಅವರ ಮುಖ ಗಟ್ಟಿಯಾಯಿತು. “ಅದು ಅತ್ತೆ ನೆಟ್ಟ ಮೊದ್ಲನೇ ಗಿಡ. ಅದಿಲ್ದಿದ್ರೆ ಇದು ಯಾರ್ದೋ ತೋಟ. ಕಿತ್ತಾಕಿದ್ರೆ ನಂಗೆ ಫೋಟೊನೇ ಬ್ಯಾಡ.”

ಬಿಟ್ಟೆ. ಆದರೆ ಹೊತ್ತು ಮೀರಿತ್ತು, ಬಿಸಿಲು ತುಂಡಾಗಿ ಬೀಳುತ್ತಿತ್ತು. ಆ ಜಾಗಕ್ಕೆ ಬೆಳಗಿನ ಬೆಳಕೇ ಬೇಕು. ಉಳಿದದ್ದು ಒಂದೇ ಬೆಳಗು.

ಅವತ್ತು ಸಂಜೆ ಐದಕ್ಕೆ ಸಕಲೇಶಪುರದಲ್ಲಿ ಗುಡುಗಿ ಮಳೆ ಸುರಿಯಿತು. ಅರಳಿದ ಹೂವಿನ ಮೇಲೆ ಮಳೆ ಬಿದ್ದರೆ ಬೆಳಗಾಗುವುದರೊಳಗೆ ಕಂದಾಗಿ ಕೊಳೆಯುತ್ತದೆ. ಸ್ಟುಡಿಯೋದ ಬಾಗಿಲಲ್ಲಿ ನಿಂತು ನನ್ನ ಮದುವೆ, ಅವರ ತೋಟ ಎರಡೂ ಚರಂಡಿಯಲ್ಲಿ ಹರಿದುಹೋಗುವುದನ್ನು ನೋಡಿದೆ. ಆಮೇಲೆ ಜೇಬಿನಲ್ಲಿ ಫೋನಿರುವುದು ನೆನಪಾಯಿತು.

“ಅಮ್ಮ, ಇಲ್ಲಿ ಜೋರು ಮಳೆ. ಅಲ್ಲಿ?”

“ಇಲ್ಲೇನೂ ಇಲ್ಲ. ಬಟ್ಟೆ ಒಣಗ್ತಾ ಐತೆ.” ಆಮೇಲೆ, “ಈಗ್ ಬುದ್ಧಿ ಬಂತು ನೋಡಿ ಸಾಬ್ರೆ,” ಎಂದರು.

ಮೂರನೇ ದಿನ. ಬೆಳಕು ಬಂದಿತ್ತು, ಬಿಸಿಲು ಬಂದಿರಲಿಲ್ಲ. ಹಳ್ಳದಿಂದ ಮಂಜು ಎದ್ದು ಸಾಲುಗಳ ನಡುವೆ ನಿಧಾನ ಬರುತ್ತಿತ್ತು. ಹೂವುಗಳಲ್ಲಿ ಕೆಲವು ಅಂಚು ಕಂದಿದ್ದವು. ದಾರಿಯ ಮೇಲೆ ಎಸಳು ಉದುರಿತ್ತು. ಮೊದಲ ದಿನದಷ್ಟು ಬಿಳಿಯಿರಲಿಲ್ಲ. ಒದ್ದೆ ನೆಲದಲ್ಲಿ ಮಂಡಿಯೂರಿ ಕಣ್ಣಿಟ್ಟೆ. ಆಗ ಕಂಡಿತು. ಹಿಂದಿನ ದಿನ ನಾನು ತಪ್ಪಿಸಲು ಒದ್ದಾಡಿದ ಆ ಕಪ್ಪು ಗಿಡದ ಪಕ್ಕದಲ್ಲೇ ಬಿಳಿ ನಿಜವಾಗಿ ಬಿಳಿಯಾಗಿತ್ತು. ಮೊದಲ ದಿನದ ನಾನೂರು ಚಿತ್ರಗಳಲ್ಲೂ ಎಲ್ಲವೂ ಬಿಳಿ, ಅದಕ್ಕೇ ಏನೂ ಬಿಳಿಯಿರಲಿಲ್ಲ. ಸತ್ತ ಗಿಡವನ್ನು ಬದಿಗೆ ತಳ್ಳದೆ ಮುಂದಕ್ಕೇ ತಂದೆ. ಅದರ ಕಡ್ಡಿ ದಾರಿಗೆ ಚಾಚಿತ್ತು, ಹಿಂದೆ ಬೆಳ್ಳನೆಯ ಕೊಂಬೆಗಳು ಕಮಾನಿನಂತೆ ಬಾಗಿ ಮಂಜಿನಲ್ಲಿ ಮರೆಯಾಗುತ್ತಿದ್ದವು. ಆಕಾಶ ಬೇಡ ಎಂದು ಬಿಟ್ಟೆ. ಹಳ್ಳದ ಗಾಳಿ ಬೆನ್ನಿಗೆ ತಾಗುವವರೆಗೆ ಕಾದೆ. ತಾಗಿತು, ವಾಸನೆ ನನ್ನನ್ನು ದಾಟಿ ಸಾಲಿನೊಳಕ್ಕೆ ಹೋಯಿತು, ಆ ಗಳಿಗೆಯಲ್ಲಿ ಒತ್ತಿದೆ. ಒಂದೇ ಒಂದು.

ಎದ್ದಾಗ ಪ್ಯಾಂಟಿನ ಎರಡೂ ಮಂಡಿ ಕಲ್ಲಿಗೆ ಹರಿದಿದ್ದವು.

ಏಪ್ರಿಲ್ ಕೊನೆಗೆ ಚಿತ್ರ ತೆಗೆದುಕೊಂಡು ಹೋದೆ. ಬಣ್ಣ ಹೆಚ್ಚಿಸಿರಲಿಲ್ಲ. ಬಾಗಿಲಿನಷ್ಟೇ ಎತ್ತರ ಮಾಡಿಸಿದ್ದೆ. ಜೆಸಿಬಿ ಬಂದು ಹೋಗಿತ್ತು. ಜಗಲಿಯಿಂದ ನೋಡಿದರೆ ಹಳ್ಳದ ತನಕ ಬರೀ ಕೆಂಪು ಮಣ್ಣು, ಒಂದು ಮೂಲೆಯಲ್ಲಿ ಬೇರುಗಳ ರಾಶಿ. ಚಿತ್ರವನ್ನು ಗೋಡೆಗೆ ಒರಗಿಸಿ ಹೊದಿಸಿದ್ದ ಬಟ್ಟೆ ತೆಗೆದೆ.

ಸುಶೀಲಮ್ಮ ಹತ್ತಿರ ಬಂದು ನಿಂತರು. ಬಹಳ ಹೊತ್ತು ನೋಡಿದರು. ಕೊನೆಗೆ, “ವಾಸ್ನೆ ಬರ್ಲಿಲ್ಲ ಸಾಬ್ರೆ,” ಎಂದರು.

ನಾನು ತಲೆಯಾಡಿಸಿದೆ. ಸುಳ್ಳು ಹೇಳುವ ಹೆಂಗಸಲ್ಲ, ಅದು ನನಗೆ ಗೊತ್ತಿತ್ತು.

ಹಿಂದೆ ನಿಂತಿದ್ದ ಗೌಡರು ಕೇಳಿದರು: “ಲೇ, ಸೆರಗ್ಯಾಕೆ ಹಂಗೆ ಹಿಡ್ಕಂಡಿದೀಯ?”

ಸುಶೀಲಮ್ಮ ಕೆಳಗೆ ನೋಡಿಕೊಂಡರು. ಎಡಗೈ ಸೆರಗನ್ನು ಒಟ್ಟುಮಾಡಿ ಸೊಂಟಕ್ಕೆ ಹಿಡಿದಿತ್ತು. ಚಿತ್ರದಲ್ಲಿನ ಆ ಒಣ ಕಡ್ಡಿಯನ್ನು ನೋಡಿದರು, ಕೈಯನ್ನು ನೋಡಿದರು. ನಗು ಬಂತು ಅವರಿಗೆ. ನಗುತ್ತಲೇ ಕಣ್ಣೊರೆಸಿಕೊಂಡರು, ಆದರೆ ಸೆರಗು ಬಿಡಲಿಲ್ಲ.

ಕರಾರಿನ ಪ್ರಕಾರ ಅರ್ಧ ದುಡ್ಡು ಎಣಿಸಿ ಕೊಟ್ಟರು. ನಾನು ಚೌಕಾಸಿ ಮಾಡಲಿಲ್ಲ. ಜೀಪು ಹತ್ತುವಾಗ ಬಂದು ಕಿಟಕಿ ಹಿಡಿದು ಹೇಳಿದರು: “ಉಳಿದರ್ಧ ಮಳೇಲಿ ತೀರಿಸ್ತೀನಿ. ಪ್ರತಿ ವರ್ಷ ನಮ್ ಡಬ್ಬೀಲಿ ಸರ್ಯಾದ್ ಮಳೆ ಬಿದ್ದ ದಿನ ಫೋನ್ ಮಾಡ್ತೀನಿ. ಎಣಿಸ್ಕಳಿ.”

ಈ ವ್ಯಾಪಾರದಲ್ಲಿ ನನಗೆ ಸಿಕ್ಕಿದ್ದು ಎಷ್ಟೆಂದು ಈಗ ಹೇಳಬಲ್ಲೆ. ಅವರ ಫೋನು ತಪ್ಪದೆ ಬಂತು. ಅವರನ್ನು ನೋಡಿ ನಾನೂ ಬೇರೆ ಬೇರೆ ತೋಟದವರ ಮಳೆ ಕೇಳಲು ಶುರು ಮಾಡಿದೆ. ಬಿಸಿಲೆ ಕಡೆಯಿಂದ ಪಾಳ್ಯದ ಗದ್ದೆ ಬಯಲಿನ ತನಕ ಹತ್ತಾರು ಡಬ್ಬಿಗಳ ಸುದ್ದಿ ನನ್ನ ಫೋನಿಗೆ ಬರುತ್ತದೆ. ಬೋರ್ಡಿನ ಮೇಲೆ ಬರೆಸಿಕೊಂಡಿದ್ದ ಆ ಸಾಲಿಗೆ ಈಗ ಸ್ವಲ್ಪ ಅರ್ಥ ಬಂದಿದೆ. ಗಿಳಿಗಳನ್ನು ಗೋಡೆಯಿಂದ ಇಳಿಸಿಯಾಯಿತು. ಕಲಿಸುತ್ತೇನೆಂದು ಒಮ್ಮೆಯೂ ಹೇಳದೆ ಕಲಿಸಿದ ಆ ತಾಯಿಯ ಋಣ ದೊಡ್ಡದು. ಅದರಲ್ಲಿ ಅರ್ಧ ಕಡಿತ ಕೇಳುವ ಧೈರ್ಯ ನನಗಿಲ್ಲ.

ಈ ವರ್ಷವೂ ಫೋನ್ ಮಾಡಿದ್ದರು. “ಒಂದು ಇಂಚು ಹತ್ತು ಸೆಂಟು. ಹೊಸ ಗಿಡ ಈ ವರ್ಷ ಮೊದ್ಲನೇ ಸಲ ಹೂವಾಗ್ತವೆ. ಬರ್ಕಳಿ.” ರಸ್ತೆಯಲ್ಲಿ ನನ್ನ ಜೀಪು ನಿಲ್ಲಿಸಿದ ವಾಸನೆ ಆ ಒಂಬತ್ತನೇ ದಿನದ್ದು. ಇಬ್ಬರೂ ಅದೇ ತಿರುವಿನವರೆಗೆ ನಡೆದೆವು. ಗಿಡಗಳು ಸೊಂಟದೆತ್ತರವೂ ಇಲ್ಲ. ಅವರು ನಿಂತು ಮುಖವೆತ್ತಿದರು. ಮೂಗು ಹಾಗೇ ಇದೆ, ಬಂದಿಲ್ಲ.

“ಬರ್ತೈತಾ?”

“ಬರ್ತಿದೆ ಅಮ್ಮ.”

“ಹೆಂಗೈತೆ?”

ಈ ಸಲ ಹೇಳಿದೆ. “ಎಳೇದು. ಆಗಿನಷ್ಟು ಗುದ್ದಲ್ಲ. ಮಗು ಸ್ನಾನ ಮಾಡಿ ಪಕ್ಕದಲ್ಲಿ ಬಂದು ನಿಂತ ಹಾಗಿದೆ.”

“ಹಂಗಾ,” ಎಂದರು. ಇನ್ನೊಂದು ಸಲ ಮುಖವೆತ್ತಿ, ಒಪ್ಪಿಗೆಯಾದವರ ಹಾಗೆ ತಲೆದೂಗಿದರು.

ನೀವೂ ಕ್ಯಾಮೆರಾ ಹಿಡಿದು ನಮ್ಮ ಕಡೆ ಬರುವವರಾದರೆ, ಕೇಳದಿದ್ದರೂ ಹೇಳುತ್ತೇನೆ. ಯಾವ ಲೆನ್ಸು ಎಂದು ಕೇಳುವ ಮೊದಲು ಯಾರ ಮಳೆ ಎಂದು ಕೇಳಿ. ಫೋಟೊ ತೆಗೆಯುವ ಜಾಗದವರಿಗೆ ಫೋನ್ ಮಾಡಿ. ನೀವು ಇಳಿದುಕೊಂಡ ಊರಿನ ಮೋಡ ನೋಡಿ ಹೊರಡಬೇಡಿ. ಗುಡ್ಡದ ತುದಿಗೆ ಆಮೇಲೆ ಹೋದರಾಯಿತು, ಅದು ಎಲ್ಲೂ ಓಡಿಹೋಗುವುದಿಲ್ಲ. ತೋಟಕ್ಕೆ ಕೇಳಿಯೇ ಕಾಲಿಡಿ, ಅಲ್ಲಿ ದಿನಾ ನಡೆಯುವವರ ಹಿಂದೆ ಒಂದು ಸಲ ಬರಿಗೈಯಲ್ಲಿ ನಡೆಯಿರಿ, ಅವರು ಎಲ್ಲಿ ನಿಲ್ಲುತ್ತಾರೆ ನೋಡಿಕೊಳ್ಳಿ. ಹೂವಿನ ಕೊಂಬೆ ಮುರಿಯಬೇಡಿ, ಒಣಗಿದ್ದನ್ನೂ ಮುರಿಯಬೇಡಿ. ಅದು ಯಾರು ನೆಟ್ಟದ್ದೋ ನಿಮಗೆ ಗೊತ್ತಿರುವುದಿಲ್ಲ. ಬಿಸಿಲೇರುವ ಮೊದಲು ಕೆ‌ಲಸ ಮುಗಿಸಿ. ತಿಂಡಿ ಕೊಟ್ಟರೆ ಬೇಡವೆನ್ನದೆ ತಿನ್ನಿ. ಹಾಗೇ, ಹೊರಡುವಾಗ ಮನೆಯಲ್ಲಿರುವುದರಲ್ಲೇ ಅತಿ ಹಳೆಯ ಪ್ಯಾಂಟು ಹಾಕಿಕೊಂಡು ಬನ್ನಿ. ಆ ಎತ್ತರಕ್ಕೆ ಇಳಿಯಲು ಮಂಡಿಯೂರಲೇಬೇಕು, ಒಳ್ಳೆಯ ಪ್ಯಾಂಟು ಹಾಕಿದವರು ಊರುವುದಿಲ್ಲ.